ರೊಟ್ಟಿ ಉಂಡು ನಂಬರ್ ಒಯ್ದಾವ

ಏನ್ರಿ,

ತಂಗಿ ಕೂಸಿನ್ನ ತೊಟ್ಟಿಲಕ್ಕ ಹಾಕತಾರ, ಸಂಶಿಗೆ ಹೊಂಟೇನಿ. ಉಟ್ಟದ್ದು ಹಳೇ ಸೀರಿ. ಹೊಸಾದು ಇನ್ನೂ ಬಟ್ಟಿ ಒಗಿಯೂ ಮಷಿನ್‌ನ್ಯಾಗ ಸಿಕ್ಕೊಂಡೈತಿ. ಗಾಜಿನ್ಯಾಗಿಂದ ಕಾಣತೈತಿ, ಬಾಗಲಾ ತೆರಿಯವಲ್ದು.

ಸಾರು ಒಲಿ ಮ್ಯಾಲೈತಿ, ಬಿಸಿ ಮಾಡ್ಕೋರಿ. ಎಮ್ಮಿಗೆ ನೀರು ಇಡ್ರಿ.

ನೀವು ಹೊಲಕ್ಕ ಹೋದಮ್ಯಾಲ ಕಂಪನಿಗೆ ಫೋನ್ ಹಚ್ಚಿದ್ದೆ. ಕನ್ನಡಕ್ಕ ಎರಡು ಒತ್ರಿ ಅಂದ್ರು. ಒತ್ತಿದೆ. ಲೈನಿಗೆ ಬಂದಾಕಿ ಹಿಂದಿ ಭಾಷಾದಾಗ ಮಾತಾಡಿದ್ಲು. "ನಿಮ್ಮ ಮಷಿನ್ ರಿಪೇರಿ ಆಗೇತಿ, ನಿಮ್ಮ ಮನಿಯವ್ರ ಓಟಿಪಿ ಹೇಳ್ಯಾರ" ಅನ್ನೂದಷ್ಟು ತಿಳೀತು. ನಮ್ಮವ್ರು ಹಂಗ ಮಾಡಾವ್ರಲ್ಲ ಅಂತ ಆಕಿ ಕೂಡ ಜಗಳಾ ತಗದೆ. ಆಮ್ಯಾಲ ಚಾರ್ಜಿಗಿಟ್ಟ ನಿಮ್ಮ ಫೋನ್ ತಗದು ನೋಡಿದೆ. ಓಟಿಪಿ ಮೆಸೇಜ್ ಖರೇನ ಇತ್ತು. ಕೆಳಗ, ನಮ್ಮ ಸೇವೆಗೆ ಎಷ್ಟು ಸ್ಟಾರ್ ಕೊಡ್ತೀರಿ ಅಂತ ಬ್ಯಾರೆ ಕೇಳ್ಯಾರ!

ಮೊನ್ನೆ ಬಂದ ರಿಪೇರಿಯಾಂವಗ ಇನ್ನೊಂದು ರೊಟ್ಟಿ ತರಾಕ ನಾ ಒಳಗ ಹೋದ್ರ, ನೀವು ಹೊರಗ ಕುಂತು ಅವಗ ನಂಬರ್ ಓದಿ ಹೇಳಾಕತ್ತಿದ್ರಿ. ಕೈ ತೊಳಕೊಂಡು, ಕೆಲಸ ಮುಗೀತು ಅಂತ ಬರಕೊಂಡು ಹೋದ. ನನ್ನ ಮುಂದ ನೀವು "ಪಾರ್ಟ್ ತರಾಕ ಹೋಗ್ಯಾನ" ಅಂದ್ರಿ. ನಮ್ಮ ಮನ್ಯಾಗ ಉಂಡಾವ ಕೇಳಿದ್ರ ಒಲ್ಲೆ ಅನ್ನೂದು ಹೆಂಗ ಅಂತೀರಿ, ಗೊತ್ತೈತಿ. ಕಂಪನಿ ಮೋಸಾ ಮಾಡಿದ್ರ ಬೈದು ಸುಮ್ಮನಾಗತಿದ್ದೆ. ನೀವು ಅವನ ಕಡೆ ಆದ್ರಿ.

ಮತ್ತ ಕಂಪ್ಲೇಂಟ್ ಕೊಟ್ಟೇನಿ. ಇವತ್ತೂ ಅವನೇ ಬರತಾನಂತ. ಡಬ್ಬ್ಯಾಗ ರೊಟ್ಟಿ, ಎಣ್ಣಿಗಾಯಿ ಪಲ್ಲೆ ಅದಾವು. ಉಣ್ಣಾಕ ಹಾಕ್ರಿ, ಹಂಗ ಕಳಸಬ್ಯಾಡ್ರಿ.

ನಿಮ್ಮ ಫೋನ್ ನಾ ಒಯ್ದೇನಿ.

ಮಹಾನಂದಾ