ಸುವರ್ಣಾಳ ಹಿಂದಿನ ದಿಬ್ಬಣ

ಸಿಂದಗಿ, ೨೨ ಆಗಸ್ಟ್ ೨೦೦೪, ಭಾನುವಾರ

ಇಂದೂ ಕಂಪ್ಯೂಟರಿನ ಆ ಕತ್ತಿ-ಬಿಲ್ಲಿನ ಆಟ ಹೆಜ್ಜೆಗೊಮ್ಮೆ ನಿಂತು ದಣಿವಾರಿಸಿಕೊಂಡಿತು. ಆಟಕ್ಕೆ ನಾನೇ ಸೇರಿಸಿದ್ದ ಹೆಚ್ಚುವರಿ ತುಣುಕುಗಳಾದ ಮಾಡ್‌ಗಳನ್ನು ಬೆಳಗಿನಿಂದ ಒಂದೊಂದಾಗಿ ತೆಗೆದು ನೋಡಿದೆ. ಮಳೆ ತೆಗೆದೆ, ಹುಲ್ಲು ತೆಗೆದೆ. ಆಟದೊಳಗಿನ ಊರು ಬೋಳಾಯಿತೇ ಹೊರತು ವೇಗ ಬರಲಿಲ್ಲ. ಊರವರ ಕಂಪ್ಯೂಟರ್‌ಗಳನ್ನೆಲ್ಲ ಮಾತಾಡುತ್ತಲೇ ರಿಪೇರಿ ಮಾಡುವವನಿಗೆ ಮನೆಯದೇ ಬಗ್ಗುತ್ತಿಲ್ಲ. ಎಲ್ಲ ಅಳಿಸಿ ಹೊಸದಾಗಿ ಹಾಕಬೇಕೆಂದರೆ, ಹೆಂಡತಿ ಸುವರ್ಣಾ ಮಳೆಗಾಲವೆಲ್ಲ ಆಡಿದ್ದೂ ಅಳಿಸಿಹೋಗುತ್ತದೆ.

"ತಡೀರಿ, ಒಮ್ಮೆ ಆಡಿ ತೋರಸ್ತೇನಿ," ಎಂದು ಕುಳಿತಳು. ಆಟದೊಳಗೆ ಅವಳು ಆಡಿಸುವ ಕತ್ತಿ ಹಿಡಿದ ಹೆಣ್ಣು ತಿರುಗಿದರೆ, ಹಿಂದೆ ದೊಡ್ಡ ದಿಬ್ಬಣ! ಎಷ್ಟು ಜನರನ್ನಾದರೂ ಜೊತೆಗೆ ಕರೆದುಕೊಳ್ಳಬಹುದಾದ ಮಾಡ್ ಹಾಕಿಕೊಟ್ಟವನು ನಾನೇ. ಈಕೆ ಕರೆದವರಲ್ಲಿ ಒಬ್ಬರನ್ನೂ ಕಳಿಸಿಲ್ಲ.

"ಬೀಗರ ಊರಿಗೆ ಹೊಂಟೀಯೇನ, ಇಷ್ಟು ಮಂದಿ ಕಟಗೊಂಡು? ಯಾವ ಮಷಿನ್ ತಡಕೋತೈತಿ? ಹೋಗು ಅನ್ನಬೇಕು ಇವರಿಗೆ."

"ನಾನಾಗೇ ಕರದು ಹೋಗ್ರಿ ಅಂತ ಹ್ಯಾಂಗ ಅನ್ನೂದ್ರಿ? ನೀವ ಅನ್ರಿ," ಎಂದು ಅಡುಗೆಮನೆಗೆ ಎದ್ದುಹೋದಳು.

ಅಂದೆ. ಮೊದಲನೆಯ ಮುದುಕ ಬಿಲ್ಲುಗಾರ ತಲೆಬಾಗಿ, ಒಬ್ಬನೇ ಬಾಗಿಲ ಕಡೆ ನಡೆದ.

ಒಳಗಿನಿಂದ ಕೇಳಿದಳು: "ಉಂಡು ಹೋಗು ಅಂದ್ರೋ ಇಲ್ಲೋ?"

ಸಿಟ್ಟಿನಿಂದ ಕಂಪ್ಯೂಟರ್ ಆರಿಸಿದೆ. ಉಳಿದವರು ಅಲ್ಲೇ ನಿಂತಿದ್ದಾರೆ. ನಾಳೆ ವಿಜಾಪುರಕ್ಕೆ ಹೋಗಿ ಇನ್ನೊಂದು ರ‍್ಯಾಮ್ ತಂದು ಹಾಕಿದರೆ ಮಷಿನ್ ಇವರನ್ನೆಲ್ಲ ತಡೆದುಕೊಂಡೀತು; ಬಹುಶಃ ಆ ಮುದುಕನನ್ನೂ ತಿರುಗಿ ಕರೆಯಬಹುದು.