ಕಿಮ್ ತಾತನಿಗೆ ನಾವು ಕೊಟ್ಟ ಮಣ್ಣು

ತಾಯ್ನಾಡಿಗೆ ಮರಳುವವರ ಅರ್ಜಿಗಳನ್ನು ತೂಗಿ ನೋಡುವ ಕೊರಿಯಾ ಸರ್ಕಾರದ ಮಾನ್ಯ ಅಧಿಕಾರಿಗಳೇ,

ನಾವು ಮಾಡಿದ ಒಂದು ಉಪಕಾರವನ್ನು ನೀವು ಸತ್ತ ಮುದುಕರೊಬ್ಬರ ವಿರುದ್ಧ ಸಾಕ್ಷಿ ಮಾಡಿಕೊಂಡಿದ್ದೀರಿ. ನಂಟರಿಗೆ ಬಿಟ್ಟರೆ ಯಾರಿಗೂ ಕಾಗದ ಬರೆದವಳಲ್ಲ ನಾನು. ಇದನ್ನು ಮಾತ್ರ ಊರಿಗೆಲ್ಲ ಕಾಣುವಂತೆ ಬರೆಯುತ್ತಿದ್ದೇನೆ.

ನಾಗರಬಾವಿಯ ನಮ್ಮ ಮಹಡಿಯಲ್ಲಿ ಬಾಡಿಗೆಗಿರುವ ಸ್ವೆತ್ಲಾನಾ ಕಿಮ್ ರಷ್ಯನ್ ಭಾಷೆ ಕಲಿಸುವ ಹೆಣ್ಣುಮಗಳು. ಹುಟ್ಟಿದ್ದು ಉಜ್ಬೇಕಿಸ್ತಾನದಲ್ಲಿ, ಬೇರು ಕೊರಿಯಾದ್ದು. ಅವಳ ಅಜ್ಜಿ ಹೊಟ್ಟೆಪಾಡಿಗೆ ಗಡಿ ದಾಟಿ ರಷ್ಯಾ ಸೇರಿದವರು. 1937ರಲ್ಲಿ ಅಲ್ಲಿಯ ಸರ್ಕಾರ ಕೊರಿಯನ್ನರನ್ನೆಲ್ಲ ರೈಲಿಗೆ ತುಂಬಿ ಉಜ್ಬೇಕಿಸ್ತಾನದ ಕಡೆಯ ದೂರದ ಬಯಲಿಗೆ ಸಾಗಿಸಿತು. ಆಗ ಬಸುರಿಯಾಗಿದ್ದ ಆ ತಾಯಿಗೆ ಹುಟ್ಟಿದವರೇ ಸ್ವೆತ್ಲಾನಾಳ ಅಪ್ಪ, ನಮ್ಮ ಬೀದಿಯವರ ಕಿಮ್ ತಾತ. ಮಗಳ ಜತೆ ಇಲ್ಲಿಗೆ ಬಂದಿದ್ದರು. ತಾಯಿಯ ಹಳ್ಳಿಯನ್ನು ಕಣ್ಣಿಂದ ಕಂಡವರಲ್ಲ, ಆದರೂ ದಾರಿ ಹೇಳುತ್ತಿದ್ದರು: ಪೈನ್ ಮರಗಳ ಗುಡ್ಡ, ಮೇಲೆ ಹಿರಿಯರ ಗೋರಿಗಳು, ಕೆಳಗೆ ಕಡಲು. ಅಲ್ಲಿಗೆ ಹೋಗುತ್ತೇನೆಂದು ಅರ್ಜಿ ಹಾಕಿದರೆ ನೀವು ತಾಯಿಯ ಜನನ ಪತ್ರ ಕೇಳಿದಿರಿ. ರೈಲಿನ ಡಬ್ಬಿಗೆ ದಬ್ಬುವ ಸಿಪಾಯಿಗಳು ಜನನ ಪತ್ರ ಹುಡುಕಿಕೊಳ್ಳಲು ಪುರಸೊತ್ತು ಕೊಡುತ್ತಾರೆಯೇ ಸ್ವಾಮಿ?

ಮೂರು ವರ್ಷದ ಹಿಂದೆ, ಕಾಯುತ್ತಲೇ, ತಾತ ತೀರಿಕೊಂಡರು. ಅವರಲ್ಲೂ ಹೂಳುತ್ತಾರೆ, ನಮ್ಮಲ್ಲೂ ಹೂಳುತ್ತಾರೆ. ನಮ್ಮ ಯಜಮಾನರು ಸೋಮಲಿಂಗಪ್ಪನವರು, "ಇನ್ನೆಲ್ಲಿ ಅಲೀತೀಯಮ್ಮ? ಕೆಂಗೇರಿ ಹತ್ರ ನಮ್ಮೋರ ರುದ್ರಭೂಮಿ ಇದೆ. ತಾತ ಏನ್ ಬೇರೆಯೋರಾ?" ಅಂದರು. ನಮ್ಮ ಪದ್ಧತಿಯಂತೆ ವಿಭೂತಿ ಹಚ್ಚಿ, ಗುಂಡಿಯಲ್ಲಿ ಕೂರಿಸಿದೆವು. ಮಣ್ಣು ಹಾಕುವಾಗ ನನಗೆ ಹೊಳೆದು ಸ್ವೆತ್ಲಾನಾಳನ್ನು ಕೇಳಿದೆ.

"ನಿಮ್ಮಲ್ಲಿ ಮಲಗಿಸ್ತಾರೇನೇ?"

"ಹೂಂ ಆಂಟಿ. ಬಿಡಿ, ಕೂತೇ ಇರ್ಲಿ. ಎದ್ದು ಹೊರಡೋಕೆ ಸುಲಭ."

ನಗಬೇಕೋ ಅಳಬೇಕೋ ಯಾರಿಗೂ ತಿಳಿಯಲಿಲ್ಲ.

ಈಗ ಅವಳು ಅಪ್ಪನ ಎಲುಬುಗಳನ್ನಾದರೂ ಆ ಗುಡ್ಡಕ್ಕೆ ಒಯ್ಯುತ್ತೇನೆಂದು ಕೇಳಿದ್ದಕ್ಕೆ ನಿಮ್ಮ ಉತ್ತರ ಬಂದಿದೆ: ಮೃತರು ಭಾರತದ ಸ್ಥಳೀಯ ಸಮುದಾಯದ ವಿಧಿಯಂತೆ ಶಾಶ್ವತವಾಗಿ ನೆಲೆಗೊಂಡಿರುವುದರಿಂದ ಸ್ವದೇಶದ ಸಂಬಂಧ ಉಳಿದಿರುವುದಾಗಿ ಪರಿಗಣಿಸಲಾಗದು. ಭೇಷ್! ಬದುಕಿದ್ದಾಗ ಪುರಾವೆ ಇಲ್ಲವೆಂದಿರಿ. ಸತ್ತ ಮೇಲೆ ನಾವು ಹಚ್ಚಿದ ವಿಭೂತಿಯೇ ನಿಮಗೆ ಪುರಾವೆಯಾಯಿತೇ? ದಾರಿ ತಪ್ಪಿದವನಿಗೆ ನೆರೆಯವರು ಚಾಪೆ ಹಾಸಿಕೊಟ್ಟರೆ, ಅವನಿಗೆ ಮನೆಯೇ ಇರಲಿಲ್ಲ ಅನ್ನುವುದು ಯಾವ ಸೀಮೆಯ ನ್ಯಾಯ? ನಿಮ್ಮ ಉತ್ತರ ಓದಿ ಅವಳು ಮಹಡಿಯಿಂದ ಇಳಿದು ಬಂದಳು. "ಆಂಟಿ, ನೀವು ಬೇಜಾರ್ ಮಾಡ್ಕೋಬೇಡಿ," ಅಂದಳು. ಅದರ ಬದಲು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಸಮಾಧಿಗೆ ಮತ್ತೆ ಗುದ್ದಲಿ ಹಾಕುವುದು ನಮ್ಮಲ್ಲಿ ಸಲ್ಲದು. ಆದರೂ ನಮ್ಮ ಮಠದ ಅಯ್ಯನವರ ಕಾಲಿಗೆ ಬಿದ್ದೆ. ಅವರು ನನ್ನನ್ನು ಎಬ್ಬಿಸಿ, "ತಾಯಿ ಊರಿಗೆ ಹೋಗೋರನ್ನ ತಡೆಯೋಕೆ ನಾವ್ಯಾರಮ್ಮ? ತೆಗೀರಿ," ಅಂದರು. ನಮ್ಮ ಶಾಸ್ತ್ರ ಬಗ್ಗಿತು. ನಿಮ್ಮ ನಿಯಮವೂ ಬಗ್ಗಲಿ. ಆ ಎಲುಬುಗಳನ್ನೂ ಅವನ್ನು ಹೊತ್ತ ಮಗಳನ್ನೂ ಒಳಗೆ ಬಿಡಿ. ನೀವು ಒಪ್ಪಿದ ಮೇಲೆಯೇ ಮಣ್ಣು ತೆಗೆಯುತ್ತೇವೆ. ಒಮ್ಮೆ ಹೊರಗೆ ತಂದ ಮೇಲೆ, ತಾತನನ್ನು ಇಲ್ಲೇ ಇನ್ನೊಮ್ಮೆ ಹೂಳುವ ಶಕ್ತಿ ನಮಗಿಲ್ಲ.

ಇಂತಿ,
ಆಸರೆ ಕೊಡಲು ಹೋಗಿ ಅಡ್ಡಗೋಡೆಯಾದ
ಶಿವಗಂಗಮ್ಮ, ನಾಗರಬಾವಿ