ಕೊಪ್ಪರಿಗೆ ತುಳುಕಿದ ದಿನ

ಹರಿಹರ, ಫೆಬ್ರವರಿ ೩೦, ೨೧೮೭

ನೂರೈವತ್ತು ವರ್ಷ ಹಿಂದೆ ಕಾರ್ಖಾನೆಗಳಲ್ಲಿ ವೈರ್‌ಲೆಸ್ ಸಂಕೇತ ನೋಡಿಕೊಳ್ಳುತ್ತಿರುವ ನಿಮಗೆ, ಕೆಂಚಮ್ಮನ ನಮಸ್ಕಾರ. ತಾರೀಖು ಕಂಡು ನಗಬೇಡಿ; ನಮ್ಮ ಫೆಬ್ರವರಿಗೆ ಮೂವತ್ತು ದಿನ. ನನ್ನ ಮಾತುಗಳೂ ವಿಚಿತ್ರ ಅನ್ನಿಸಿದರೆ ಕ್ಷಮಿಸಿ.

ನಾನು ಇಲ್ಲಿನ ಎರಕದ ಕಾರ್ಖಾನೆಯಲ್ಲಿ ಅಲೆಗಾವಲಿಯಾಗಿದ್ದೆ. ಅಂದರೆ, ಯಂತ್ರದಿಂದ ಯಂತ್ರಕ್ಕೆ ಗಾಳಿಯಲ್ಲಿ ಹೋಗುವ ಅಪ್ಪಣೆಗೆ ಇನ್ನೊಂದು ಅಲೆ ಅಡ್ಡ ಬರದಂತೆ ಕಾಯುವವಳು. ಕರಗಿದ ಕಬ್ಬಿಣದ ಕೊಪ್ಪರಿಗೆ ಹೊರುವ ಕ್ರೇನುಗಳನ್ನು ನಮ್ಮಲ್ಲಿ ಯಾರೂ ಹತ್ತಿ ಓಡಿಸುವುದಿಲ್ಲ. ಎಲ್ಲವೂ ಅಲೆಯ ಅಪ್ಪಣೆಯಲ್ಲೇ. ಬೆಳಿಗ್ಗೆ ಬಂದೊಡನೆ ಆಂಟೆನಾಗಳ ಮೇಲಿನ ಮಸಿ ಒರೆಸಿ, ಕ್ರೇನುಗಳನ್ನು ಒಂದೊಂದಾಗಿ ಕರೆದು, ಅವು ಓಗೊಟ್ಟ ಮೇಲೆಯೇ ನಾನು ಚಹಾ ಕುಡಿಯುತ್ತಿದ್ದದ್ದು. ಇಪ್ಪತ್ತೆರಡು ವರ್ಷ ಹೀಗೇ ನಡೆಯಿತು.

ಆಮೇಲೆ ನನ್ನ ಜೊತೆ ಕಾವಲಿಗೆ ಹುಲಿಗೆಮ್ಮ ಬಂದಳು. ಅದುವರೆಗೆ ಎಲ್ಲೋ ವೆಲ್ಡಿಂಗ್ ಮಾಡಿಕೊಂಡಿದ್ದವಳು. ಒಂಬತ್ತೇ ತಿಂಗಳಲ್ಲಿ ಜನ "ಹುಲಿಗೆಮ್ಮನ್ನ ಕರೀರಿ" ಅನ್ನತೊಡಗಿದರು. ನಾನು ಪಕ್ಕದಲ್ಲೇ ನಿಂತಿದ್ದರೂ! ಅವಳ ನಗು ಕೇಳಿದರೂ ನನಗೆ ಉರಿಯುತ್ತಿತ್ತು.

ಆ ಬೇಸಿಗೆಯಲ್ಲಿ ಮೂರನೇ ಕ್ರೇನು ನಡುದಾರಿಯಲ್ಲಿ ಅಪ್ಪಣೆ ಕೇಳಿಸದೆ ನಿಲ್ಲತೊಡಗಿತು. ಚಾನೆಲ್ ಬದಲಿಸಿದೆ, ಆಂಟೆನಾ ಎತ್ತರಿಸಿದೆ. ಹನ್ನೊಂದು ದಿನ ಅಲೆಯಲ್ಲಿ ಗದ್ದಲ ಎದ್ದ ಹೊತ್ತು, ಅಡಗಿದ ಹೊತ್ತು ಎಲ್ಲ ಪುಸ್ತಕದಲ್ಲಿ ಬರೆದಿಟ್ಟೆ. ಕಾರಣ ಮಾತ್ರ ಹೊಳೆಯಲಿಲ್ಲ.

"ಅಕ್ಕಾ, ನಿಮ್ಮ ದಾಖಲೆ ಒಂದ್ಸಲ ಕೊಡ್ರಿ," ಅಂದಳು ಹುಲಿಗೆಮ್ಮ.

"ಅದ್ರಾಗೇನೂ ಇಲ್ಲ," ಅಂದೆ. ಪುಸ್ತಕ ನನ್ನ ಬಗಲಲ್ಲೇ ಇತ್ತು.

ದಾಖಲೆ ಸಿಗದೆ, ಮರುದಿನ ಮಧ್ಯಾಹ್ನ ತಾನೇ ಆ ಗದ್ದಲ ಅಳೆಯಲು ಅವಳು ಕೈಯಲ್ಲಿ ಆಂಟೆನಾ ಹಿಡಿದು ಕ್ರೇನಿನ ದಾರಿಯ ಅಂಚಿಗೆ ಹೋದಳು. ಕ್ರೇನು ಗಕ್ಕನೆ ನಿಂತಿತು. ಕೊಪ್ಪರಿಗೆ ಜೋಲಿ ಹೊಡೆದು ತುಳುಕಿತು. ಅವಳ ಎಡಗೈ ಮೊಣಕೈವರೆಗೆ ಸುಟ್ಟಿತು.

ಅಂದೇ ಸಂಜೆ ಆಸ್ಪತ್ರೆಗೆ ಪುಸ್ತಕ ಒಯ್ದು ಅವಳ ಮಡಿಲಲ್ಲಿಟ್ಟೆ. ಬಲಗೈಯಿಂದ ಹಾಳೆ ಮಗುಚಿದಳು. ಹತ್ತು ನಿಮಿಷವೂ ಆಗಿರಲಿಲ್ಲ.

"ಒಂದೂವರೆ ನಿಮಿಷ ಗದ್ದಲ, ಆಮೇಲೆ ಸ್ವಲ್ಪ ಬಿಡುವು. ಮತ್ತೆ ಹಂಗೇ. ಇದು ವೆಲ್ಡಿಂಗ್ ಸಲಾಕೆ ಉರಿದು ಮುಗಿದ ಮೇಲೆ ಬದಲಿಸೋ ಲೆಕ್ಕ ಅಕ್ಕಾ. ಕಾರ್ಖಾನೆ ಗೋಡೆ ಆಚೆ ರಿಪೇರಿ ಶೆಡ್ಡಿನ ವೆಲ್ಡಿಂಗ್ ಯಂತ್ರ ನೋಡ್ರಿ." ಪುಸ್ತಕ ಮುಚ್ಚಿ, "ನಿನ್ನೆ ಕೊಟ್ಟಿದ್ರೆ..." ಅಂದವಳು ಗೋಡೆ ಕಡೆ ಹೊರಳಿದಳು.

ಹೋಗಿ ನೋಡಿದೆ. ಯಂತ್ರದ ಲೋಹದ ಕವಚ ಸಡಿಲವಾಗಿತ್ತು, ನೆಲಕ್ಕೆ ಹೋಗುವ ತಂತಿ ಕಿತ್ತುಹೋಗಿತ್ತು. ಎರಡನ್ನೂ ಸರಿಪಡಿಸಿದೆ. ಕ್ರೇನು ಮತ್ತೆ ನಿಲ್ಲಲಿಲ್ಲ. ಜನ ನನ್ನ ಬೆನ್ನು ತಟ್ಟಿದರು. ನಿಜ ಹೇಳಲೇ? ಆ ಗಳಿಗೆಯಲ್ಲೂ ನನ್ನನ್ನು ಸುಡುತ್ತಿದ್ದದ್ದು ಅವಳ ಕೈಯಲ್ಲ, ಆ ಹತ್ತು ನಿಮಿಷ.

ಮೂರು ದಿನ ತಡೆದು ಮೇಲಿನವರ ಮುಂದೆ ಎಲ್ಲ ಒಪ್ಪಿಕೊಂಡೆ. ನನ್ನನ್ನು ಕಾವಲಿನಿಂದ ತೆಗೆದರು. ಗಾಯ ಮಾಗಿ ಬಂದ ಹುಲಿಗೆಮ್ಮ ನನ್ನ ಜಾಗದಲ್ಲಿ ಕೂತಳು. ಈಗಲೂ ಸಂತೆಯಲ್ಲಿ ಎದುರಾದರೆ ಅವಳೇ ಮೊದಲು ಮಾತಾಡಿಸುತ್ತಾಳೆ. ಅದಕ್ಕೂ ನನಗೆ ಹೊಟ್ಟೆ ಉರಿಯುತ್ತದೆ.

ಈ ಉರಿ ಆರಿಸುವ ಉಪಾಯ ನಮ್ಮ ಕಾಲಕ್ಕೂ ಸಿಕ್ಕಿಲ್ಲ. ನಿಮ್ಮೊಳಗೂ ಇದ್ದರೆ ಇರಲಿ. ಆದರೆ ಪಕ್ಕದವಳು ಕೇಳಿದಾಗ ಪುಸ್ತಕ ಕೊಟ್ಟುಬಿಡಿ. ಕೊಟ್ಟ ಮೇಲೆ ಬೇಕಾದಷ್ಟು ಉರಿದುಕೊಳ್ಳಿ.

ಇಂತಿ,
ಕೆಂಚಮ್ಮ